ಪಾರ್ಲಿಮೆಂಟಿಗೊಂದು ಪ್ರದಕ್ಷಿಣೆ

ಇಪ್ಪತ್ತು ವರ್ಷ ನಂಜನಗೂಡಿನ ಹೈಸ್ಕೂಲಿನಲ್ಲಿ ಪೌರನೀತಿ ಹೇಳಿಕೊಟ್ಟ ನಾನು ಒಂದೇ ಒಂದು ಶಾಸನಸಭೆಯನ್ನೂ ಕಣ್ಣಾರೆ ಕಂಡಿರಲಿಲ್ಲ. ಬೋರ್ಡಿನ ಮೇಲೆ ಎರಡು ಚೌಕ ಬರೆದು, ಇದು ಆಳುವ ಪಕ್ಷ, ಇದು ವಿರೋಧ ಪಕ್ಷ ಎಂದು ಕೋಲು ತಟ್ಟುತ್ತಿದ್ದೆ. ಮಕ್ಕಳು ನಂಬುತ್ತಿದ್ದರು, ಪಾಪ.

ಎಂಬತ್ತರ ದಶಕದ ಮೊದಲಲ್ಲಿ ಭಾವಮೈದುನ ನನ್ನನ್ನೂ ನನ್ನಾಕೆಯನ್ನೂ ಲಂಡನ್ನಿಗೆ ಕರೆಸಿಕೊಂಡಾಗ ನಾನು ಕೇಳಿದ್ದು ಒಂದೇ: ಪಾರ್ಲಿಮೆಂಟ್ ತೋರಿಸಪ್ಪ. ಅವನು ಟಿಕೆಟ್ಟು ಕೊಡಿಸಿ, ನಮ್ಮನ್ನು ಬಾಗಿಲಲ್ಲಿ ಬಿಟ್ಟು ಕೆಲಸಕ್ಕೆ ಹೋದ.

ಗೈಡು ಒಬ್ಬ ಉದ್ದನೆಯ ಮುದುಕ. ಗೋಡೆ ತುಂಬ ಚಿತ್ರ, ಸಾಲುಸಾಲು ರಾಜರು. ಎಲ್ಲ ಸುಗಮವಾಗಿತ್ತು, ನಡುವಿನ ಎಂಟು ಮೂಲೆಯ ಹಜಾರ ಬರುವ ತನಕ. ಅಲ್ಲಿ ನಾಲ್ಕು ಬಾಗಿಲುಗಳ ಮೇಲೆ ಬಣ್ಣದ ಕಲ್ಲಿನ ಚೂರುಗಳಲ್ಲಿ ಸಂತರನ್ನು ಬಿಡಿಸಿದ್ದರು, ತಲೆಯ ಹಿಂದೆ ಚಿನ್ನದ ಪ್ರಭಾವಳಿ ಬೇರೆ. ನನ್ನಾಕೆ ಕೈ ಮುಗಿದಳು. ಗೈಡು ಗುಂಪನ್ನು ಕರೆದುಕೊಂಡು ಸುತ್ತಲು ಹೊರಟದ್ದೇ ತಡ, ಕಂಬದಂತೆ ನಿಂತುಬಿಟ್ಟಳು.

"ರೀ, ಅಪ್ರದಕ್ಷಿಣೆ ಹೊರಟಿದ್ದಾರಲ್ರೀ! ದೇವರಿರೋ ಕಡೆ ಹೀಗಾ ಸುತ್ತೋದು?"

ತಿರುಮಕೂಡಲಿನ ಪುರೋಹಿತರ ಮಗಳು. ಈ ವಿಷಯದಲ್ಲಿ ಅವಳನ್ನು ಅಲುಗಿಸಲಾಗದು.

"ಇದು ದೇವಸ್ಥಾನ ಅಲ್ಲ ಕಣೇ, ಮಾರಾಯ್ತಿ! ಜನ ನೋಡ್ತಿದಾರೆ, ಬಾ."

"ನೀವು ಹೋಗಿ. ನಾನು ಬರಲ್ಲ."

ನನಗೆ ನಾಚಿಕೆ, ಸಿಟ್ಟು. ಇಪ್ಪತ್ತು ವರ್ಷದ ಆಸೆ ಇವಳಿಂದ ಮಣ್ಣುಪಾಲಾಗುವುದೇ? ಅವಳನ್ನು ಅಲ್ಲೇ ಬಿಟ್ಟು, ನಾನು ಗುಂಪಿನ ಹಿಂದೆ ಹೋಗಿಬಿಟ್ಟೆ.

ಕೆಳಮನೆಯ ಸಭಾಂಗಣದಲ್ಲಿ ಎದುರುಬದುರು ಹಸಿರು ಬೆಂಚುಗಳು. ನೆಲಹಾಸಿನ ಮೇಲೆ ಎರಡು ಕೆಂಪು ಗೆರೆ. ಗೈಡು ವಿವರಿಸಿದ: ಮಾತಾಡುವಾಗ ಈ ಗೆರೆ ಯಾರೂ ದಾಟುವಂತಿಲ್ಲ, ಎದುರಿನವರು ನಿರ್ಭಯವಾಗಿ ತಮ್ಮ ಮಾತು ಮುಗಿಸಲಿ ಎಂದು ಈ ಕಟ್ಟುಪಾಡು. ಎಲ್ಲರೂ ತಲೆದೂಗಿದರು. ನನಗೆ ಮಾತ್ರ ಮುಖ ಬಿಸಿಯಾಯಿತು. ಸಭಾತ್ಯಾಗ ಮಾಡುವುದು ವಿರೋಧ ಪಕ್ಷದ ಹಕ್ಕು ಎಂದು ಬೋರ್ಡಿನ ಮೇಲೆ ಬರೆದವನು ನಾನು. ವಿರೋಧ ಪಕ್ಷ ಮಾತಾಡುತ್ತಿರುವಾಗಲೇ ಎದ್ದು ಬಂದ ಆಳುವ ಪಕ್ಷವೂ ನಾನೇ.

ಗೈಡಿನ ಹತ್ತಿರ ಹೋಗಿ, ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಇದ್ದದ್ದನ್ನು ಹೇಳಿಕೊಂಡೆ. ಬೈಯುತ್ತಾನೆಂದು ಕಾದೆ. ಅವನು ನಕ್ಕು, ಗುಂಪನ್ನು ಅಲ್ಲೇ ನಿಲ್ಲಿಸಿ, ನನ್ನ ಜೊತೆ ಹಜಾರಕ್ಕೆ ಬಂದ. ಒಂದು ಬೆಂಚಿನಲ್ಲಿ ಮುದುಡಿ ಕೂತಿದ್ದ ನನ್ನಾಕೆಗೆ ತಲೆಬಾಗಿ, ಯಾವ ಕಡೆಯಿಂದ ಎಂದು ಕೈಯಲ್ಲೇ ಕೇಳಿದ. ಅವಳು ತೋರಿಸಿದಳು. ಅವಳು ಮುಂದೆ, ಅವನು ನಡುವೆ, ನಾನು ಹಿಂದೆ. ಸಾಂಗವಾಗಿ ಒಂದು ಪ್ರದಕ್ಷಿಣೆ ಆಯಿತು.

ಆಮೇಲೆ ಸಭಾಂಗಣಕ್ಕೆ ಬಂದು ಹಸಿರು ಬೆಂಚುಗಳನ್ನು ಒಮ್ಮೆ ದಿಟ್ಟಿಸಿ ನೋಡಿದಳು.

"ಎದುರುಬದುರು ಕೂತು ಜಗಳ ಆಡೋಕ್ಕೆ ಇಷ್ಟು ದೊಡ್ಡ ಮನೆ ಬೇಕಾಗಿತ್ತೇನ್ರೀ? ನಾವು ಅಡುಗೆಮನೇಲೇ ಸುಧಾರಿಸ್ತಿಲ್ವೇ?"

ಉತ್ತರ ನನ್ನ ನಾಲಿಗೆಯ ತುದಿಗೇ ಬಂದಿತ್ತು. ಕೆಂಪು ಗೆರೆಯ ಈಚೆ ನಿಂತು ಅವಳ ಮಾತು ಪೂರ್ತಿ ಮುಗಿಯಲೆಂದು ಕಾದೆ. ಇನ್ನೂ ಕಾಯುತ್ತಿದ್ದೇನೆ.