ಒದ್ದೆ ಸುಣ್ಣದ ಹೆಜ್ಜೆಗಳು

ಇದು ಹೋದ ವರ್ಷ ಈಸ್ಟರ್ ಹಬ್ಬದ ನಸುಕಿನಲ್ಲಿ ನಡೆದದ್ದು. ನಾನು ಓದಿದ್ದು ಮೂರನೇ ಕ್ಲಾಸು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಬರೆಯದೆ ಇರಲಾರೆ. ಖುಷಿ ಎದೆಯೊಳಗೆ ನಿಲ್ಲುತ್ತಿಲ್ಲ.

ನಮ್ಮದು ಕಂಪ್ಲಿ ಹತ್ತಿರದ ಸಣ್ಣ ಊರು. ಈಸ್ಟರ್ ದಿನ ಹೊತ್ತು ಹುಟ್ಟುವ ಮೊದಲೇ ನಮ್ಮ ಚರ್ಚಿನವರೆಲ್ಲ ಮೇಣದಬತ್ತಿ ಹಿಡಿದು ಸಮಾಧಿ ಜಾಗಕ್ಕೆ ಹೋಗುತ್ತೇವೆ. ಅಲ್ಲಿ ಬೇವಿನ ಮರದ ಕೆಳಗಿನ ಬಂಡೆ ಹತ್ತಿ ನಿಂತು, ಯೇಸು ಎದ್ದು ಬಂದ ಸುದ್ದಿ ಓದಿ, ಅದರ ಅರ್ಥ ಬಿಡಿಸಿ ಹೇಳಿ ಪ್ರಸಂಗ ಮಾಡುತ್ತಾರೆ. ಅಲ್ಲಿಯವರೆಗೆ ಆ ಬಂಡೆ ಹತ್ತಿದವರೆಲ್ಲ ಗಂಡಸರೇ.

ಹೋದ ವರ್ಷ ನಮ್ಮ ಚರ್ಚಿನ ಪಾಸ್ಟರ್ ಅಯ್ಯನವರಿಗೆ ಅದೇ ಹೊತ್ತಿಗೆ ಸಂಡೂರು ಕಡೆಯ ಊರಲ್ಲೂ ಆರಾಧನೆ ಇತ್ತು. "ಇಲ್ಲಿ ರೂತ್ ಪ್ರಸಂಗ ಮಾಡಲಿ" ಅಂದು ಹೋದರು. ರೂತ್ ನನ್ನ ಮಗಳ ಮಗಳು, ಪಾಸ್ಟರ್ ಓದು ಮುಗಿಸಿ ಬಂದವಳು. ಸಭೆಯ ಹಿರಿಯ ದಾವೀದಪ್ಪನಿಗೆ ಇದು ಸೇರಲಿಲ್ಲ.

"ಹೆಣ್ಮಕ್ಳು ಹಾಡ್ಲಿ, ಕಸ ಹೊಡೀಲಿ, ಯಾರ್ ಬ್ಯಾಡ ಅಂತಾರ? ಬಂಡೆ ಹತ್ತೋದು ಮಾತ್ರ ಬ್ಯಾಡ. ನಾನ ಓದ್ತೀನಿ" ಅಂದ.

ಹಬ್ಬದ ಹಿಂದಿನ ರಾತ್ರಿ ರೂತ್ ಊಟ ಬಿಟ್ಟು ಕೂತಳು. "ಸ್ವಂತ ಊರಾಗ ನಿಂದ್ರಾಕ ಬಿಡಲಿಲ್ಲ ಅಂದ್ರ ಮತ್ತೆಲ್ಲಿ ಬಿಡ್ತಾರ ಅಜ್ಜಿ? ನಾಳೆ ಆಗ್ಲಿಲ್ಲಂದ್ರ ಈ ಕೆಲಸಾನ ಬಿಟ್ಬಿಡ್ತೀನಿ" ಅಂದಳು.

ನಸುಕಿನಲ್ಲಿ ಹೊರಟೆವು. ಒಂದು ನಾಯಿಯೂ ಬೊಗಳಲಿಲ್ಲ. ಗದ್ದೆಯ ಕಪ್ಪೆಗಳೂ ಸುಮ್ಮನಿದ್ದವು. ಗೇಟಿನ ಬೀಗ ತೆಗೆದವನು ದಾವೀದಪ್ಪನೇ. ಹಿಂದಿನ ಸಂಜೆ ನಾವೆಲ್ಲ ನಮ್ಮ ನಮ್ಮವರ ಸಮಾಧಿಗೆ ಸುಣ್ಣ ಹಚ್ಚಿ ಹೋದಮೇಲೆ ಬೀಗ ಹಾಕಿದವನೂ ಅವನೇ.

ಒಳಗೆ ಕಾಲಿಟ್ಟವರು ಅಲ್ಲೇ ನಿಂತೆವು. ಮೂಲೆಯ ಎಸ್ತರಮ್ಮನ ಸಮಾಧಿ ಬೆಳ್ಳಗೆ ಹೊಳೆಯುತ್ತಿತ್ತು. ಮೇಲೊಂದು ಮೇಣದಬತ್ತಿ ಉರಿಯುತ್ತಿತ್ತು.

ಎಸ್ತರಮ್ಮಗೆ ಹಿಂದೆ ಮುಂದೆ ಯಾರಿಲ್ಲ. ನಾನು ಚಿಕ್ಕವಳಿದ್ದಾಗ ಊರೂರು ನಡೆದು, ಮನೆಮನೆಗೆ ಹೋಗಿ ಬೈಬಲ್ ಓದಿ ಹೇಳುತ್ತಿದ್ದಳು. ನನಗೆ ಅಕ್ಷರ ತಿದ್ದಿಸಿದವಳು ಅವಳೇ. ನಮ್ಮ ಸಭೆ ಹುಟ್ಟಿದ್ದು ಅವಳ ಮನೆ ಕಟ್ಟೆಯ ಮೇಲೆ. ಚರ್ಚಿನ ಗೋಡೆಯ ಕಲ್ಲಿನಲ್ಲಿ ಆಮೇಲೆ ಬಂದ ಅಯ್ಯನವರ ಹೆಸರುಗಳಿವೆ, ಅವಳದಿಲ್ಲ. ಅವಳ ಸಮಾಧಿಗೆ ಯಾರಾದರೂ ಸುಣ್ಣ ಹಚ್ಚಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಯಾರ್ರೀ ಹಚ್ಚಿದ್ದು?" ದಾವೀದಪ್ಪನ ದನಿ ಒಡೆಯಿತು.

ಮೊಬೈಲ್ ಬೆಳಕು ಬಿಟ್ಟು ನೋಡಿದೆವು. ಹಾಸುಗಲ್ಲಿನ ದಾರಿಯ ಮೇಲೆ ಸುಣ್ಣದ ಹೆಜ್ಜೆ, ಇನ್ನೂ ಒದ್ದೆ. ಸಮಾಧಿಯಿಂದ ಬಂಡೆಯ ಕಡೆಗೆ ಹೋದವು ಮಾತ್ರ. ಸಮಾಧಿಯ ಕಡೆಗೆ ಬಂದವು ಒಂದೂ ಇಲ್ಲ. ಬಂಡೆಯ ಮೇಲೆ ಎರಡು ಪಾದ ಜೋಡಿಸಿ, ನಮ್ಮ ಕಡೆ ಮುಖ ಮಾಡಿ ನಿಂತ ಗುರುತು.

ಎಡಪಾದಕ್ಕೆ ಕಿರುಬೆರಳಿರಲಿಲ್ಲ.

ನಡೆದು ದಣಿದು ಬಂದ ಎಸ್ತರಮ್ಮನ ಕಾಲಿಗೆ ಎಷ್ಟು ಸಲ ನೀರು ಹಾಕಿದ್ದೇನೆ. ಅವಳ ಎಡಗಾಲಿಗೂ ಆ ಬೆರಳಿರಲಿಲ್ಲ. ನನ್ನ ಕೈಯ ಮೇಣದಬತ್ತಿ ಕೆಳಗೆ ಬಿತ್ತು.

ದಾವೀದಪ್ಪ ಬಂಡೆಗೆ ಕಾಲೆತ್ತಿದ. ಹಿಂದಕ್ಕೆ ತೆಗೆದ.

"ಹತ್ರಿ ಮತ್ತ. ನಾನ ಓದ್ತೀನಿ ಅಂದ್ರಲ್ಲ!" ಹಿಂದಿನಿಂದ ಅವನ ಹೆಂಡತಿ.

"ಸುಮ್ಕಿರಲೇ" ಅಂದ. ಬೈಬಲ್ಲನ್ನು ರೂತ್ ಕಡೆ ಚಾಚಿದ. ಆಮೇಲೆ ಸಣ್ಣ ದನಿಯಲ್ಲಿ, "ಬಾರವ್ವ ರೂತ್, ನೀನ ಓದು."

ರೂತ್ ಚಪ್ಪಲಿ ಬಿಟ್ಟು ಹತ್ತಿದಳು. ಆ ಗುರುತು ತುಳಿಯದೆ ಪಕ್ಕಕ್ಕೆ ನಿಂತಳು. ಸಮಾಧಿಗೆ ಮೊದಲು ಹೋದವರು ಹೆಂಗಸರು, ಓಡಿ ಬಂದು ಸುದ್ದಿ ಹೇಳಿದವರು ಅವರು, ಗಂಡಸರು ನಂಬಲಿಲ್ಲ ಅಂತ ಓದಿದಳು. "ಯೇಸು ಎದ್ದಾನ ಅಂತ ಮೊದಲ ಪ್ರಸಂಗ ಮಾಡಿದವರು ಇವರ" ಅಂದಳು. ಅಳುಕಿನಿಂದ ಶುರುವಾದ ದನಿ ಗಟ್ಟಿಯಾಯಿತು. ಹೊತ್ತು ಹುಟ್ಟಿತು. ಹೆಂಗಸರೆಲ್ಲ ಅಳುತ್ತಿದ್ದರು. ನಾನು ಮಾತ್ರ ಹುಚ್ಚಿಯಂಗೆ ನಗುತ್ತಿದ್ದೆ. ನನ್ನ ಕೂಸು ಅಲ್ಲಿ ನಿಂತಿತ್ತಲ್ಲ!

ಈಗ ತಿಂಗಳಿಗೊಂದು ಭಾನುವಾರ ಅವಳದೇ ಪ್ರಸಂಗ. ಈ ವರ್ಷ ಎಲ್ಲರಿಗಿಂತ ಮೊದಲು ಎಸ್ತರಮ್ಮಗೆ ಸುಣ್ಣ ಹಚ್ಚಿದವಳು ನಾನೇ. ಬೆರಳಿನ ವಿಷಯ ಇಲ್ಲಿ ಬರೆಯುವವರೆಗೆ ಯಾರಿಗೂ ಹೇಳಿರಲಿಲ್ಲ, ರೂತ್‌ಗೂ.

ಅವತ್ತು ಮನೆಗೆ ಬರುವಾಗ ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದು ಹೇಳಿದ ಮಾತು ನೆನೆದರೆ ಇವತ್ತಿಗೂ ಮೈಮೇಲೆ ಮುಳ್ಳು ಏಳುತ್ತವೆ, ಜೊತೆಗೆ ನಗುವೂ ಬರುತ್ತದೆ.

"ಅಜ್ಜಿ, ಬಂಡೆ ಎಲ್ಲಾ ಥಣ್ಣಗಿತ್ತು. ಆ ಪಾದದ ಹತ್ರ ಮಾತ್ರ ಬೆಚ್ಚಗಿತ್ತು, ಯಾರೋ ಈಗ ತಾನ ಸರಿದು ಜಾಗ ಬಿಟ್ಟಂಗ."