ನನ್ನ ರೈಲಿಗೆ ಬಂದ ಬಿಕ್ಕಳಿಕೆ

ನಾನು ಸುಳ್ಳು ಹೇಳುವವನಲ್ಲ. ಇದ್ದದ್ದನ್ನು ಸ್ವಲ್ಪ ಎಳೆಯುತ್ತೇನೆ, ಅಷ್ಟೆ. ಹಾಗೆ ಎಳೆದೂ ಎಳೆದೂ ನನ್ನ ಆಟದ ರೈಲು ಕ್ಲಾಸಿನವರ ಕಿವಿಯಲ್ಲಿ ಎಷ್ಟು ಉದ್ದ ಬೆಳೆದಿತ್ತೆಂದರೆ, ಎಂಜಿನ್ನು ಪಾಂಡವಪುರ ತಲುಪಿದರೂ ಕೊನೆಯ ಡಬ್ಬಿ ಶ್ರೀರಂಗಪಟ್ಟಣದಲ್ಲೇ ಇರುತ್ತಿತ್ತು. ನಿಜದಲ್ಲಿ ಅದಕ್ಕಿದ್ದದ್ದು ಎರಡು ಡಬ್ಬಿ, ಹಲಗೆಗೆ ಹೊಡೆದ ಒಂದು ಸುತ್ತು ಕಂಬಿ. ಅದರ ಸಿಳ್ಳೆ ಕೇಳಿದರೆ ಸ್ಟೇಷನ್ನಿನಲ್ಲಿ ಕೂತವರು ಗಂಟುಮೂಟೆ ಎತ್ತಿಕೊಂಡು ಓಡುತ್ತಾರೆ ಎಂದೂ ಹೇಳಿದ್ದೆ. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಅದನ್ನು ಕೇಳಿಸುತ್ತೇನೆಂದು ಮಾತು ಕೊಟ್ಟಿದ್ದೆ. ಕೂಗದಿದ್ದರೆ ನನ್ನ ಮಾನ ಅಲ್ಲೇ ಹಳಿ ತಪ್ಪುತ್ತಿತ್ತು.

ಹಿಂದಿನ ದಿನ ಬೆಳಿಗ್ಗೆ ಸ್ವಿಚ್ಚು ಒತ್ತಿದೆ. ರೈಲೇನೋ ಓಡಿತು. ಸಿಳ್ಳೆ ಮಾತ್ರ "ಕೂ" ಎನ್ನುವ ಬದಲು "ಕು... ಕು..." ಎಂದಿತು. ಒಳಗಿಂದ ಅಜ್ಜಿ, "ಯಾರ್ಗ್ಲಾ ಬಿಕ್ಕಳಿಕೆ, ನೀರ್ ಕುಡೀಲಿ" ಅಂದಳು.

ಬ್ಯಾಟರಿ ಬದಲಾಯಿಸಿದೆ. ವೈರು ಬೆಸೆದೆ. ಎಂಜಿನ್ನಿನ ಹೊಟ್ಟೆ ಕೊಯ್ದು ಮತ್ತೆ ಹೊಲಿದೆ. ಒಂದು ಸ್ಕ್ರೂ ಮಿಕ್ಕಿತು, ಅದನ್ನು ಜೇಬಿಗೆ ಹಾಕಿಕೊಂಡೆ. ಎಂಜಿನ್ನನ್ನು ಕೈಯಲ್ಲಿ ಹಿಡಿದು ನೇರ ಬ್ಯಾಟರಿಗೆ ಕೊಟ್ಟರೆ ಸೊಗಸಾಗಿ ಕೂಗುತ್ತದೆ. ಕಂಬಿಯ ಮೇಲಿಟ್ಟರೆ ಬಿಕ್ಕಳಿಕೆ. ಬಚ್ಚಲಲ್ಲಿ ಚೆನ್ನಾಗಿ ಹಾಡಿ ವೇದಿಕೆ ಹತ್ತಿದೊಡನೆ ಕೆಮ್ಮುವವರಿಲ್ಲವೇ, ಹಾಗೆ.

ಕೊನೆಗೆ ಹಲಗೆ ಸಮೇತ ಸೈಕಲ್ಲಿಗೆ ಕಟ್ಟಿಕೊಂಡು ಸಿದ್ದಣ್ಣನ ಅಂಗಡಿಗೆ ಹೋದೆ. ಸಿದ್ದಣ್ಣ ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವವರು. ರಿಪೇರಿಗೆ ಬಂದ ಮೋಟಾರುಗಳನ್ನು ಪಕ್ಕಕ್ಕೆ ಸರಿಸಿ ನನ್ನ ರೈಲಿಗೆ ಜಾಗ ಮಾಡಿದರು. ಎಂಜಿನ್ನನ್ನು ಮುಟ್ಟಲೇ ಇಲ್ಲ. ಕಂಬಿಯ ಮೇಲೆ ಬೆರಳಾಡಿಸಿ, ಬೆರಳು ನೋಡಿಕೊಂಡರು. ಬೆಳ್ಳಗಿತ್ತು.

"ಏನ್ಲಾ ಇದು, ಇಬೂತಿ?"

ಆಯುಧಪೂಜೆಯ ದಿನ ಅಜ್ಜಿ ಟ್ರಾಕ್ಟರಿಗೆ, ಕುಡುಗೋಲಿಗೆ, ಮಿಕ್ಸಿಗೆ ಪೂಜೆ ಮಾಡಿದ್ದಳು. ನನ್ನದೂ ವಾಹನವೇ ಎಂದು ತೋರಿಸಲು ನಾನು ಕಂಬಿಗೆ ಗೇಣಿಗೊಂದರಂತೆ ಮೂರು ಬೆರಳಿನ ಪಟ್ಟೆ ಎಳೆದಿದ್ದೆ, ನೀರಲ್ಲಿ ಗಟ್ಟಿಯಾಗಿ ಕಲಸಿ. ಅದು ಕಣ್ಣೆದುರೇ ಇತ್ತು. ಆದರೆ ದೇವರ ವಿಭೂತಿಯ ಮೇಲೆ ಅನುಮಾನ ಪಡುವುದು ಹೇಗೆ?

"ಕರೆಂಟು ಓಗೋದೇ ಈ ಕಂಬೀಲಿ, ಅದ್ಕೆ ಇಬೂತಿ ಬಳ್ದ್ರೆ ರೈಲು ಎಂಗ್ಲಾ ಕೂಗ್ತದೆ?" ಎಂದರು. ರೈಲು ಓಟದ ರಭಸಕ್ಕೆ ಪಟ್ಟೆ ದಾಟಿಬಿಡುತ್ತದಂತೆ. ಸಿಳ್ಳೆಗೆ ಆ ರಭಸ ಎಲ್ಲಿಯದು, ಪಟ್ಟೆ ಪಟ್ಟೆಗೂ ಉಸಿರು ಕಟ್ಟುತ್ತದೆ. ಭೂತ ಓಡಿಸುವ ವಿಭೂತಿ ಕರೆಂಟನ್ನೂ ಓಡಿಸಿತ್ತು. ಬಟ್ಟೆಗೆ ಪೆಟ್ರೋಲು ಮುಟ್ಟಿಸಿ ಒರೆಸಿದರು. ಕಂಬಿ ಒಣಗಿದ ಮೇಲೆ ರೈಲು ಉದ್ದಕ್ಕೆ ಕೂಗಿತು.

"ಯಾರ್ಗೂ ಯೋಳ್ಬೇಡ ಕಣಣ್ಣೋ" ಎಂದು ಬೇಡಿಕೊಂಡೆ. ಅವರು ಮೋಟಾರಿನ ಕಡೆ ತಿರುಗಿಕೊಂಡರು.

ಪ್ರದರ್ಶನದಲ್ಲಿ ಮೇಷ್ಟ್ರ ಮುಂದೆ, ಅತಿ ಸೂಕ್ಷ್ಮ ವಿದ್ಯುತ್ ದೋಷವೊಂದನ್ನು ಮೂರು ದಿನ ನಿದ್ದೆಗೆಟ್ಟು ಕಂಡುಹಿಡಿದ ಕಥೆ ಹೇಳುತ್ತಿದ್ದೆ. ಕಣ್ಣೆತ್ತಿದರೆ ಹಿಂದೆ ಸಿದ್ದಣ್ಣ, ಮಗಳ ಕೈ ಹಿಡಿದು ನಿಂತಿದ್ದಾರೆ. ನನ್ನ ಸಿಳ್ಳೆ ಅಲ್ಲೇ ನಿಂತಿತು. ಇದೆಲ್ಲ ಇವನೇ ಮಾಡಿದ್ದಾ ಎಂದು ಮೇಷ್ಟ್ರು ಅವರನ್ನೇ ಕೇಳಬೇಕೇ?

"ಬುಡಿ ಸಾ, ಬಾರಿ ತಲೆ ಓಡುಸ್ತಾನೆ" ಎಂದರು ಸಿದ್ದಣ್ಣ. ನನ್ನ ಕಡೆ ನೋಡಿ, ಅಂಟಿದ ವಿಭೂತಿ ಉದುರಿಸುವವರಂತೆ ಹೆಬ್ಬೆರಳಿಗೆ ತೋರುಬೆರಳು ಉಜ್ಜಿದರು, ಅಷ್ಟೆ.

ಕೂಗುವುದು ನನಗೆ ಚೆನ್ನಾಗಿ ಬರುತ್ತದೆ. ಗೊತ್ತಿದ್ದೂ ಕೂಗದಿರುವುದನ್ನು ಕಂಡದ್ದು ಅವತ್ತೇ. ಆ ಋಣಕ್ಕೇ ಇವತ್ತು ನಿಜವನ್ನು ಎಳೆಯದೆ ಬರೆದಿದ್ದೇನೆ. ಮೂರು ದಿನವಲ್ಲ, ಒಂದೇ ಬೆಳಿಗ್ಗೆ.

ಈ ಸಲದ ಆಯುಧಪೂಜೆಗೆ ಸಿದ್ದಣ್ಣನ ಅಂಗಡಿಗೇ ಹೋಗಿದ್ದೆ. ವಿಭೂತಿಯ ಬಟ್ಟಲನ್ನು ನನ್ನ ಕೈಗೇ ಕೊಟ್ಟರು. ಅವರ ಟೆಸ್ಟರಿಗೆ ಭಕ್ತಿಯಿಂದ ಮೂರು ಪಟ್ಟೆ ಎಳೆದೆ, ಹಿಡಿಗೆ ಮಾತ್ರ.