ಗೋಪುರದ ಕೆಳಗಿನ ಹೆಬ್ಡನ್ ಮೇಡಂ

ಮೇ ತಿಂಗಳು ಬಂತೆಂದರೆ ಊರ ಹಳೇ ಚರ್ಚಿನ ಹುಲ್ಲುಹಾಸಿನ ಮೇಲೆ ಟೆಲಿಸ್ಕೋಪ್ ನೆಟ್ಟು, ಮಡಿಸುವ ಕುರ್ಚಿ ಬಿಡಿಸಿ ಕೂರುವ ಹೆಬ್ಡನ್ ಮೇಡಂ, ಗೋಪುರದಲ್ಲಿ ಗೂಡುಕಟ್ಟಿದ ಪೆರಿಗ್ರಿನ್ ಡೇಗೆ ಎಂಬ ಬೇಟೆಹಕ್ಕಿಗಳಿಗೆ ತಾವೇ ಅತ್ತೆ ಎಂಬಂತೆ ನಡೆದುಕೊಳ್ಳುತ್ತಾರೆ. ಮರಿಗಳು ಹಸಿದು ಕೂಗಿದರೆ ಸಾಕು, ಗಂಡು ಡೇಗೆಗೆ ಕೇಳಲೆಂದು, “ಏ ಸೋಮಾರಿ, ಮನೇಲಿ ನಾಲ್ಕು ಮಕ್ಕಳು ಉಪವಾಸ ಕೂತಿವೆ, ಜ್ಞಾಪಕ ಇದೆಯಾ?” ಎಂದು ಗದರುತ್ತಾರೆ. ಚರ್ಚಿನೊಳಗೆ ಮದುವೆಗೆ ನಿಂತಿದ್ದ ವರನೊಬ್ಬ ಇದು ತನಗೇ ಹೇಳಿದ್ದೆಂದು ಬೆಚ್ಚಿಬಿದ್ದದ್ದೂ ಉಂಟು. ನೋಡಲು ಬಂದವರು “ಅಗೋ ಡೇಗೆ” ಎಂದರೆ ಮೇಡಂ ತಲೆಯೆತ್ತದೆ “ಪಾರಿವಾಳ” ಎನ್ನುತ್ತಾರೆ. ಪಾದ್ರಿ ತೋರಿಸಿದರೂ ಪಾರಿವಾಳವೇ. “ಸ್ವರ್ಗದ ವಿಷಯ ನೀವು ಹೇಳಿ ಪಾದ್ರಿಗಳೇ, ಅದಕ್ಕಿಂತ ಕೆಳಗಿರೋದನ್ನ ನಂಗೆ ಬಿಡಿ.” ಎಲ್ಲರಿಗಿಂತ ಹೆಚ್ಚು ಬೈಸಿಕೊಳ್ಳುವವನು ಮಾಂಸದಂಗಡಿ ಮುಚ್ಚಿ ನಿವೃತ್ತನಾದ ಡೆರಿಕ್. ಹನ್ನೆರಡು ವರ್ಷ ಪಕ್ಕದಲ್ಲೇ ಕೂತರೂ ಇವನಿಗೆ ಹಕ್ಕಿಯ ಗುರುತು ಹತ್ತಲಿಲ್ಲವಲ್ಲ ಎಂದು ಊರಿಗೆಲ್ಲ ನಗೆ. “ಮೇಡಂ, ಗೋಪುರದ ಗಡಿಯಾರದ ಮೇಲೆ ಒಂದು ಪಾರಿವಾಳ ಬಂದು ಕೂತಿದೆ. ಕಾಗೆಗಿಂತ ದಪ್ಪ, ಕಪ್ಪು ಮೀಸೆ, ಎದೆ ಮೇಲೆಲ್ಲ ಅಡ್ಡಡ್ಡ ಗೆರೆ” ಎನ್ನುತ್ತಾನೆ ಡೆರಿಕ್. ಮೇಡಂ ಟೆಲಿಸ್ಕೋಪಿಗೆ ಕಣ್ಣಿಟ್ಟು, “ಮೀಸೆ ಇರೋ ಪಾರಿವಾಳ ಎಲ್ಲಾದರೂ ಉಂಟೇನಯ್ಯಾ? ಹೆಣ್ಣು ಡೇಗೆ ಅದು” ಎನ್ನುತ್ತಾರೆ. ಸುತ್ತಲಿನವರು ಬಿದ್ದು ಬಿದ್ದು ನಗುತ್ತಾರೆ. ಕಳೆದ ವರ್ಷದಿಂದ ಮೇಡಂಗೆ ಹಕ್ಕಿಯಿರಲಿ, ಅಷ್ಟು ದೊಡ್ಡ ಗಡಿಯಾರವೂ ಕಾಣಿಸುತ್ತಿಲ್ಲ ಎಂಬುದು ಡೆರಿಕ್ ಒಬ್ಬನಿಗೇ ಗೊತ್ತು. ಅವನು ಪೆಚ್ಚಾದವನಂತೆ ತಲೆ ಕೆರೆದುಕೊಂಡು, ಗೂಡಿನತ್ತ ಕಣ್ಣು ನೆಟ್ಟು, ಮುಂದಿನ ಪೆದ್ದು ಮಾತನ್ನು ಸಿದ್ಧಮಾಡಿಕೊಳ್ಳುತ್ತಾನೆ.